64 ಅಡಿ ಮರದಿಂದ ಬಿದ್ದ ತೆಂಗಿನಕಾಯಿ ನೆಲ ಮುಟ್ಟುವಾಗ ವೇಗ ಎಷ್ಟು? ಮಗಳು 32 ಅಂತಾಳೆ, ಮಾವ 64 ಅಂತಾರೆ

ತೋಟದಮನೆ (ತಿಪಟೂರು)

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಕೊಟ್ಟಿಗೆ ಮೇಲೆ ಒಂದು ಕಾಯಿ ಬಿತ್ತು. ಸಿಮೆಂಟ್ ಶೀಟು ಒಡೆದು ಕಾಯಿ ಸೀದಾ ಒಳಗೇ ಇಳಿಯಿತು. ಹಸು ಆಗ ಮೇಯಕ್ಕೆ ಹೋಗಿತ್ತು, ದೇವರು ದೊಡ್ಡವನು. ಅವತ್ತಿಂದ ಮನೇಲಿ ಒಂದೇ ಮಾತು: ಅಷ್ಟು ಎತ್ತರದಿಂದ ಬರೋ ಕಾಯಿ ಎಷ್ಟು ವೇಗದಲ್ಲಿ ಬಂದು ಬಡಿಯುತ್ತೆ?

ಮಗಳು ಒಂಬತ್ತನೇ ಕ್ಲಾಸು, ಶಾಲೇಲಿ ಈಗ ಗುರುತ್ವಾಕರ್ಷಣೆ ಪಾಠ ನಡೀತಿದೆ. ಮರದ ಎತ್ತರಾನ ನೆರಳಿನಿಂದ ಅಳೆದಳು. 4 ಅಡಿ ಕೋಲಿನ ನೆರಳು 3 ಅಡಿ, ಗೊನೆ ಇರೋ ಜಾಗದ ನೆರಳು 48 ಅಡಿ. ಹಾಗಾಗಿ ಗೊನೆ 64 ಅಡಿ ಮೇಲಿದೆ. ಕಾಯಿ ಕೀಳೋರು ಬಂದಾಗ ಒಂದು ಕಾಯಿನ ತೊಟ್ಟು ಕುಯ್ದು ಸುಮ್ಮನೆ ಬಿಡಿಸಿಸಿ ಮೊಬೈಲಲ್ಲಿ ವಿಡಿಯೋ ಮಾಡಿದಳು. 60 ಫ್ರೇಮ್ ಆಯಿತು, ಸೆಕೆಂಡಿಗೆ 30 ಫ್ರೇಮ್, ಅಂದರೆ 2 ಸೆಕೆಂಡು. 64 ಅಡಿ ಭಾಗಿಸು 2, ಸೆಕೆಂಡಿಗೆ 32 ಅಡಿ ಅನ್ನೋದು ಅವಳ ಉತ್ತರ.

ನಮ್ಮ ಮಾವ ಪ್ರೈಮರಿ ಶಾಲೇಲಿ ಮೇಷ್ಟ್ರಾಗಿದ್ದವರು. "ಒಂದು ಸೆಕೆಂಡಿಗೆ 32 ಅಡಿ ವೇಗ ಕೂಡುತ್ತೆ ಅಂತ ನಾವು ಓದಿದ್ದು. ಎರಡು ಸೆಕೆಂಡಿಗೆ 64" ಅಂತಾರೆ. ಇಬ್ಬರೂ ಲೆಕ್ಕ ಮಾಡಿ ತೋರಿಸ್ತಾರೆ, ಇಬ್ಬರದ್ದೂ ಸರಿ ಅನಿಸುತ್ತೆ. ನಾನು ಪಿಯುಸಿ ಕಾಮರ್ಸ್. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಹಾಸನದ ಗಣಿತ ಮೇಷ್ಟ್ರು

ಅಮ್ಮಾ, ಮೊದಲು ನಿಮ್ಮ ಮಗಳಿಗೆ ನನ್ನ ಶಭಾಷ್ ತಿಳಿಸಿ. ನೆರಳಿನಿಂದ ಎತ್ತರ, ಫ್ರೇಮಿನಿಂದ ಕಾಲ. ಹೀಗೆ ತಾನೇ ಅಳೆದು ನೋಡುವ ಮಕ್ಕಳನ್ನು ಕಂಡರೆ ನನಗೆ ತುಂಬಾ ಸಂತೋಷ.

ಕೇಳಿದ ಪ್ರಶ್ನೆಗೆ ಉತ್ತರ ನಿಮ್ಮ ಮಾವನವರದ್ದು: ಸೆಕೆಂಡಿಗೆ 64 ಅಡಿ, ಗಂಟೆಗೆ ಹತ್ತಿರ ಹತ್ತಿರ 70 ಕಿಲೋಮೀಟರ್. ಮಗಳು ಕಂಡುಹಿಡಿದ 32 ಸರಾಸರಿ ವೇಗ. ಅದೂ ಸರಿಯಾದ ಸಂಖ್ಯೆಯೇ, ಆದರೆ ಅದು ಇಡೀ ಪಯಣದ್ದು, ನೆಲ ಮುಟ್ಟುವ ಕ್ಷಣದ್ದಲ್ಲ.

ಅವಳ ವಿಡಿಯೋದಲ್ಲೇ ಇದನ್ನು ತೋರಿಸಬಹುದು. ತೊಟ್ಟಿನಿಂದ ಕಳಚಿದ ಕ್ಷಣದಲ್ಲಿ ಕಾಯಿಯ ವೇಗ ಸೊನ್ನೆ. ಅಲ್ಲಿಂದ ಪ್ರತಿ ಸೆಕೆಂಡಿಗೆ 32 ಅಡಿಯಷ್ಟು ವೇಗ ಸೇರುತ್ತಾ ಹೋಗುತ್ತದೆ. ಪಠ್ಯಪುಸ್ತಕ ಇದನ್ನೇ ಗುರುತ್ವ ವೇಗೋತ್ಕರ್ಷ, 9.8 ಮೀಟರ್ ಎನ್ನುತ್ತದೆ. ಅರ್ಧ ಸೆಕೆಂಡಿನಲ್ಲಿ ಕಾಯಿ ಇಳಿದಿರುವುದು ಬರೀ 4 ಅಡಿ. ಒಂದು ಸೆಕೆಂಡಿಗೆ 16 ಅಡಿ. ಒಂದೂವರೆಗೆ 36. ಎರಡಕ್ಕೆ 64. ಅರ್ಧ ಸಮಯ ಮುಗಿದಾಗ, ಅಂದರೆ 30ನೇ ಫ್ರೇಮಿನಲ್ಲಿ, ಕಾಯಿ ಇನ್ನೂ 48 ಅಡಿ ಮೇಲೇ ಇರಬೇಕು! ಮಗಳಿಗೆ ಆ ಫ್ರೇಮಿನಲ್ಲಿ ವಿಡಿಯೋ ನಿಲ್ಲಿಸಿ ನೋಡಲು ಹೇಳಿ. ಮರದ ಮುಕ್ಕಾಲು ಎತ್ತರದಲ್ಲೇ ಕಾಯಿ ಕಾಣಿಸುತ್ತದೆ.

ಇನ್ನೊಂದು ಚೆಂದ ನೋಡಿ. ಪ್ರತಿ ಅರ್ಧ ಸೆಕೆಂಡಿನಲ್ಲಿ ದಾಟಿದ ದೂರಗಳು 4, 12, 20, 28. ಎಲ್ಲವನ್ನೂ 4ರಿಂದ ಭಾಗಿಸಿದರೆ 1, 3, 5, 7. ಬೆಸ ಸಂಖ್ಯೆಗಳ ಈ ಸಾಲನ್ನು ಗೆಲಿಲಿಯೋ ಗುರುತಿಸಿ 1638ರ ತನ್ನ ಪುಸ್ತಕದಲ್ಲಿ ಬರೆದ. ಸೆಕೆಂಡನ್ನು ನಿಖರವಾಗಿ ಅಳೆಯುವ ಗಡಿಯಾರ ಅವನ ಬಳಿ ಇರಲಿಲ್ಲ. ನೇರ ಬೀಳುವ ವಸ್ತು ಕಣ್ಣಿಗೆ ಸಿಗದಷ್ಟು ಬೇಗ ಹೋಗುತ್ತದೆ ಎಂದು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದ. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸೋರಿದ ನೀರನ್ನು ತೂಗಿ ಕಾಲ ಅಳೆದ. ನಿಮ್ಮ ಮಗಳ ಕೈಯಲ್ಲಿರುವ ಮೊಬೈಲು ಅವನ ಕೈಗೆ ಸಿಕ್ಕಿದ್ದರೆ ಎಷ್ಟು ಕುಣಿಯುತ್ತಿದ್ದನೋ.

ವೇಗ ಸೊನ್ನೆಯಿಂದ ಶುರುವಾಗಿ ಒಂದೇ ಸಮನೆ ಏರುವಾಗ ಸರಾಸರಿಯು ಕೊನೆಯ ವೇಗದ ಸರಿಯಾಗಿ ಅರ್ಧ. ಹಾಗಾಗಿ ಮಗಳು 32ನ್ನು ಎರಡರಿಂದ ಗುಣಿಸಿದ್ದರೆ ತಾತನ ಉತ್ತರಕ್ಕೇ ಬರುತ್ತಿದ್ದಳು.

ಬಾವಿಕಟ್ಟಿ (ಧಾರವಾಡ)

ಸರ್ ಭಾಳ ಚಲೋ ಹೇಳ್ಯಾರ. ಅಕ್ಕಾರ, ನಾ ಒಂದು ಸಣ್ಣ ಸೂತ್ರ ಕೊಡ್ತೀನಿ. ಟೈಮ್ ಅಳಿಯೋದು ಬ್ಯಾಡ, ಎತ್ತರ ಗೊತ್ತಿದ್ರ ಸಾಕು. ಎತ್ತರ ಅಡಿಯೊಳಗ ತಗೋರಿ, ಅದರ ವರ್ಗಮೂಲಕ್ಕ 8ರಿಂದ ಗುಣಿಸ್ರಿ, ಬರೋದು ಸೆಕೆಂಡಿಗೆ ಇಷ್ಟು ಅಡಿ ಅಂತ ಕೊನಿ ವೇಗ. ನಿಮ್ಮ ಮರ 64 ಅಡಿ, ವರ್ಗಮೂಲ 8, ಎಂಟೆಂಟ್ಲಿ 64. ಮೀಟರಿನಾಗ ಮಾಡೋದಿದ್ರ 8ರ ಬದ್ಲಿ 4.43. ಪುಸ್ತಕದಾಗ ಇರೋ ವಿ ಸ್ಕ್ವೇರ್ ಈಕ್ವಲ್ಸ್ ಟೂ ಜಿ ಎಚ್ ಅಂದ್ರ ಇದ.

ಇದರಾಗ ಒಂದು ಮಾತು ತಿಳೀತದ. ಎತ್ತರ ನಾಕು ಪಟ್ಟು ಆದ್ರ ವೇಗ ಎರಡ ಪಟ್ಟು. 16 ಅಡಿ ಗಿಡದಿಂದ ಬಿದ್ದ ಕಾಯಿನೂ 32ರ ವೇಗದಾಗ ಬರ್ತದ, ಗಂಟೆಗೆ 35 ಕಿಲೋಮೀಟರ್. "ಗಿಡ್ಡ ಮರ, ಏನಾಗೂದಿಲ್ಲ" ಅಂತ ಅದರ ಕೆಳಗ ಮಕ್ಕಳನ್ನ ಆಡಾಕ ಬಿಡಬ್ಯಾಡ್ರಿ.

ತೋಟದಮನೆ (ತಿಪಟೂರು)

ಮೇಷ್ಟ್ರೇ, 30ನೇ ಫ್ರೇಮ್ ನಿಲ್ಲಿಸಿ ನೋಡಿದ್ವಿ. ಕಾಯಿ ನಿಜವಾಗಲೂ ಮೇಲೇ ಇದೆ! ಮಾವ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದರು. ತುಂಬಾ ಖುಷಿಯಾಯ್ತು ಅವರಿಗೆ.

ಆದರೆ ಇನ್ನೊಂದು ಗಂಟು ಬಿದ್ದಿದೆ. ಅವತ್ತೇ ಅದೇ ಗೊನೆಯಿಂದ ಇನ್ನೊಂದು ಕಾಯಿ ವಿಡಿಯೋ ಆಗಿತ್ತು. ಅದಕ್ಕೆ 51 ಫ್ರೇಮೇ, ಅಂದರೆ 1.7 ಸೆಕೆಂಡು. ಸರಾಸರಿ ತೆಗೆದು ಎರಡು ಪಟ್ಟು ಮಾಡಿದರೆ 75 ಬರುತ್ತೆ. ಸೂತ್ರದಲ್ಲಿ 64. ಒಂದೇ ಮರ, ಒಂದೇ ಎತ್ತರ, ವೇಗ ಮಾತ್ರ ಬೇರೆ ಹೇಗೆ ಅಂತ ಮಗಳು ರಾತ್ರಿ ಊಟಾನೂ ಸರಿಯಾಗಿ ಮಾಡಿಲ್ಲ.

ಬಾವಿಕಟ್ಟಿ (ಧಾರವಾಡ)

ಎರಡನೇ ಕಾಯಿ ತಾನಾ ಬಿತ್ತೋ, ಮ್ಯಾಲಿದ್ದವ್ರು ನೂಕಿದ್ರೋ?

ತೋಟದಮನೆ (ತಿಪಟೂರು)

ಕೇಳಿ ನೋಡಿದೆ. ಅದು ಗೊನೆಗೆ ಸಿಕ್ಕಿಕೊಂಡಿತ್ತಂತೆ, ಕಾಲಲ್ಲಿ ಒದ್ದು ಬೀಳಿಸಿದರಂತೆ.

ಬಾವಿಕಟ್ಟಿ (ಧಾರವಾಡ)

ಹಂಗಾದ್ರ ಗಂಟು ಬಿಚ್ಚಿತು ನೋಡ್ರಿ. ತಂಗಿಗೆ ಓದಿ ಹೇಳ್ರಿ.

ಸುಮ್ನ ಬಿಟ್ಟಿದ್ರ 1.7 ಸೆಕೆಂಡಿನಾಗ ಕಾಯಿ ಬೀಳೋದು 16 ಗುಣಿಸು 1.7 ಗುಣಿಸು 1.7, ಸುಮಾರು 46 ಅಡಿ. ಆದ್ರ ಬಿದ್ದದ್ದು 64. ಉಳದ 18 ಅಡಿ ಒದ್ದ ಜೋರಿನಿಂದ ಬಂದದ್ದು. 18ನ್ನ 1.7ರಿಂದ ಭಾಗಿಸಿದ್ರ ಸೆಕೆಂಡಿಗೆ 10 ಅಡಿ ಮತ್ತ ಸ್ವಲ್ಪ. ಇದ ಆರಂಭಿಕ ವೇಗ.

ಈಗ ಕೊನಿ ವೇಗ ನೋಡ್ರಿ: ಶುರುವಿನ 10, ಅದರ ಮ್ಯಾಲ 1.7 ಸೆಕೆಂಡಿಗೆ ಕೂಡಿದ 54. ಒಟ್ಟು 64 ದಾಟಿ 65ರ ಹತ್ರ ಬರ್ತದ. ಒದ್ದದ್ದರಿಂದ ಟೈಮು 0.3 ಸೆಕೆಂಡ್ ಉಳೀತು, ಕೊನಿ ವೇಗ ಮಾತ್ರ ಒಂದಡಿನೂ ಸರಿಯಾಗಿ ಹೆಚ್ಚಾಗಲಿಲ್ಲ. ಯಾಕಂದ್ರ ಬೇಗ ಇಳದ ಕಾಯಿಗೆ ಗುರುತ್ವದ ಕೈಯಾಗ ಇರೋ ಟೈಮೂ ಕಡಿಮಿ ಆತು. ವರ್ಗ ಮಾಡಿ ಕೂಡಿಸಿದ್ರೂ ಅದ ಬರ್ತದ: 10ರ ವರ್ಗ 100, 64ರ ವರ್ಗ 4096, ಕೂಡಿಸಿ ವರ್ಗಮೂಲ ತಗದ್ರ 64.8.

ತಂಗಿ ಎರಡು ಪಟ್ಟು ಮಾಡೋ ಉಪಾಯ ಇಲ್ಲಿ ಹಚ್ಚಿದ್ಲು, ಅದಕ್ಕ 75 ಬಂತು. ಆ ಉಪಾಯ ಸೊನ್ನೆಯಿಂದ ಶುರು ಆದಾಗ ಅಷ್ಟ ನಡೀತದ. ಇಲ್ಲಿ 75ರಾಗ ಶುರುವಿನ 10 ಕಳೀಬೇಕು. 65.

ಪುತ್ತೂರಿನ ಅಡಿಕೆ ತೋಟ

ಒಳ್ಳೆ ಚರ್ಚೆ. ನನಗೊಂದು ಸಂಶಯ ಉಂಟು. ತೆಂಗಿನಕಾಯಿ ಒಂದೂವರೆ ಕೆಜಿ, ನಮ್ಮ ಅಡಿಕೆ ಹಣ್ಣು 35 ಗ್ರಾಂ ಆಸುಪಾಸು. ನೀವು ಯಾರೂ ತೂಕವನ್ನೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ? ಭಾರದ್ದನ್ನು ಭೂಮಿ ಹೆಚ್ಚು ಎಳೆಯುವುದಿಲ್ಲವಾ ಮಾರಾಯ್ರೆ? ನಮ್ಮ ತೋಟದಲ್ಲಿ ಹಾಳೆ ಸಮೇತ ಸೋಗೆ ಬೀಳುವಾಗ ತೇಲಿ ತೇಲಿ ಬರುತ್ತದೆ, ಅಡಿಕೆ ಮಾತ್ರ ಟಪ್ ಅಂತ ಬೀಳುತ್ತದೆ. ಇದು ಕಣ್ಣಾರೆ ಕಂಡದ್ದು.

ಹಾಸನದ ಗಣಿತ ಮೇಷ್ಟ್ರು

ನೀವು ಕಂಡದ್ದು ನಿಜ. ಎಳೆತ ಹೆಚ್ಚು ಎನ್ನುವುದೂ ನಿಜ. ಒಂದೂವರೆ ಕೆಜಿಯ ಕಾಯನ್ನು ಭೂಮಿ ಅಡಿಕೆಗಿಂತ ನಲವತ್ತು ಪಟ್ಟಿಗೂ ಹೆಚ್ಚು ಬಲದಿಂದ ಎಳೆಯುತ್ತದೆ. ಆದರೆ ಅಷ್ಟು ಭಾರವನ್ನು ಕದಲಿಸಲು ಬೇಕಾದ ಬಲವೂ ಅಷ್ಟೇ ಪಟ್ಟು ಹೆಚ್ಚು. ಎರಡೂ ಸರಿಸಮ ಹೊಡೆದುಹೋಗುವುದರಿಂದ ವೇಗ ಏರುವ ದರ ಇಬ್ಬರಿಗೂ ಒಂದೇ.

ಸೋಗೆಯನ್ನು ತಡೆಯುವುದು ಗಾಳಿ. ಮನೆಯಲ್ಲೇ ನೋಡಿ: ಒಂದು ದಪ್ಪ ಪುಸ್ತಕ, ಅದಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಒಂದು ಹಾಳೆ ಕಾಗದ. ಬೇರೆ ಬೇರೆ ಬಿಟ್ಟರೆ ಕಾಗದ ತೇಲುತ್ತದೆ. ಕಾಗದವನ್ನು ಪುಸ್ತಕದ ಮೇಲಿಟ್ಟು ಪುಸ್ತಕ ಬಿಡಿ, ಎರಡೂ ಜೊತೆಗೇ ನೆಲಕ್ಕೆ ಬರುತ್ತವೆ. ಎದುರು ಗಾಳಿಯನ್ನು ಪುಸ್ತಕ ಸರಿಸಿಕೊಟ್ಟಿತು, ಅಷ್ಟೇ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಗಿಡುಗದ ಗರಿ ಬಿಟ್ಟರು. ಗಾಳಿಯೇ ಇಲ್ಲದ ಜಾಗ. ಎರಡೂ ಒಟ್ಟಿಗೇ ಬಿದ್ದವು. ಆ ದೃಶ್ಯವನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತೇನೆ, ಪ್ರತಿ ವರ್ಷವೂ ನನಗೆ ಮೈ ಜುಂ ಅನ್ನುತ್ತದೆ.

ನಿಮ್ಮ ಅಡಿಕೆ ಮತ್ತು ತೆಂಗಿಗೆ ಗಾಳಿಯ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದೆ. ಎರಡನ್ನೂ ಗುಂಡಗಿನ ಆಕಾರ ಎಂದಿಟ್ಟುಕೊಂಡು, 40 ಅಡಿಯಿಂದ, ಅಂದರೆ 12 ಮೀಟರಿನಿಂದ. ಗಾಳಿ ಇಲ್ಲದಿದ್ದರೆ ಎರಡೂ ಸೆಕೆಂಡಿಗೆ 15.3 ಮೀಟರ್. ಗಾಳಿಯಿದ್ದರೆ ಕಾಯಿ 14.8ರ ಸುಮಾರು, ಅಡಿಕೆ 14.4ರ ಸುಮಾರು. ಕಣ್ಣಿಗೆ ಗೊತ್ತಾಗುವ ವ್ಯತ್ಯಾಸವಲ್ಲ.

ಸಾಗರದವ

ನಮ್ಮ ಜೋಗದ ವಿಷಯ ಕೇಳದೆ ಇರಲಾರೆ. ರಾಜಾ ಕವಲು 253 ಮೀಟರ್. ಸೂತ್ರದಂತೆ 253ರ ವರ್ಗಮೂಲಕ್ಕೆ 4.43 ಗುಣಿಸಿದರೆ ಸೆಕೆಂಡಿಗೆ 70 ಮೀಟರ್, ಗಂಟೆಗೆ 250 ಕಿಲೋಮೀಟರ್ ದಾಟುತ್ತದೆ. ಬೀಳಲು ಬೇಕಾದ ಕಾಲ 7.2 ಸೆಕೆಂಡು. ಆದರೆ ಮಳೆಗಾಲದಲ್ಲಿ ಎದುರು ದಂಡೆಯಲ್ಲಿ ನಿಂತು ನೀರಿನ ಒಂದು ಬಿಳಿ ಗೊಂಚಲನ್ನು ಕಣ್ಣಿಂದ ಹಿಂಬಾಲಿಸಿದರೆ ಅದು ಇಳಿಯುವುದು ಎಷ್ಟು ನಿಧಾನ! ಹತ್ತಿ ಉದುರಿದ ಹಾಗೆ. ಇದು ದೂರದಿಂದ ನೋಡುವ ಭ್ರಮೆಯೋ, ನಿಜವೋ?

ಹಾಸನದ ಗಣಿತ ಮೇಷ್ಟ್ರು

ಸ್ವಲ್ಪ ದೂರದ ಭ್ರಮೆ, ಬಹುಪಾಲು ನಿಜ. ನೀರು ಅಂಚು ಬಿಟ್ಟ ಮೇಲೆ ಒಡೆಯುತ್ತಾ ಹೋಗಿ ಹನಿಯಾಗುತ್ತದೆ. ಹನಿಗೆ ಗಾಳಿಯ ತಡೆ ದೊಡ್ಡದು. ವೇಗ ಏರಿದಂತೆ ತಡೆಯೂ ಏರಿ, ಒಂದು ಹಂತದಲ್ಲಿ ಹನಿಯ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. 5 ಮಿಲಿಮೀಟರಿನ ದೊಡ್ಡ ಮಳೆ ಹನಿಗೂ ಈ ಮಿತಿ ಸೆಕೆಂಡಿಗೆ 9 ಮೀಟರ್ ಆಸುಪಾಸು, ಗಂಟೆಗೆ 32 ಕಿಲೋಮೀಟರ್. ಜೋಗದಲ್ಲಿ ನೀರು ದೊಡ್ಡ ಮೊತ್ತದಲ್ಲಿ ಗಾಳಿಯನ್ನೂ ಎಳೆದುಕೊಂಡು ಇಳಿಯುವುದರಿಂದ ಒಂಟಿ ಹನಿಗಿಂತ ಬೇಗ ಬರುತ್ತದೆ. ಆದರೂ 250ರ ಹತ್ತಿರ ಸುಳಿಯುವುದಿಲ್ಲ. ಅದೇ ಅಂಚಿನಿಂದ ಉರುಳಿದ ಬಂಡೆಯಾದರೆ ಆ ಲೆಕ್ಕಕ್ಕೆ ಬಹಳ ಹತ್ತಿರ ಬಂದೀತು.

ಈ ತಡೆ ಇಲ್ಲದಿದ್ದರೆ 2 ಕಿಲೋಮೀಟರ್ ಮೇಲಿನ ಮೋಡದ ಹನಿ ಗಂಟೆಗೆ 700 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬಂದು ನಮ್ಮ ಪೈರನ್ನೆಲ್ಲ ಚಿಂದಿ ಮಾಡುತ್ತಿತ್ತು. ಆಷಾಢದ ಮಳೆಯಲ್ಲಿ ನಿಂತಾಗ ನನಗೆ ಇದು ನೆನಪಾಗುತ್ತದೆ.

ಬಾವಿಕಟ್ಟಿ (ಧಾರವಾಡ)

ನನ್ನ ಹೆಸರಿಗೆ ತಕ್ಕಂಗ ಬಾವಿ ಮಾತು ಒಂದು. ಕಲ್ಲ ಒಗದು ಸಪ್ಪಳ ಕೇಳಿ ಬಾವಿ ಆಳ ಹೇಳೋದು ನಮ್ಮ ಕಡೆ ಹುಡುಗರೆಲ್ಲ ಮಾಡ್ತಾರ. 2 ಸೆಕೆಂಡಿಗೆ ಸಪ್ಪಳ ಬಂತಂದ್ರ 64 ಅಡಿ ಅಂತಾರ. ಸಪ್ಪಳ ಮ್ಯಾಲ ಬರಾಕನೂ ಟೈಮ್ ಬೇಕಲ್ಲ, ಸೆಕೆಂಡಿಗೆ 1130 ಅಡಿ ಅದರ ಓಟ. ಅದನ್ನ ಕಳದ್ರ ಖರೇ ಆಳ 60 ಅಡಿ ಮ್ಯಾಲ ಸ್ವಲ್ಪ.

ಆದ್ರ ಇದಕ್ಕಿಂತ ದೊಡ್ಡ ತಪ್ಪು ನಮ್ಮ ಬಟ್ಟಿನಾಗ ಐತಿ. ಸಪ್ಪಳ ಕೇಳಿ ಸ್ಟಾಪ್‌ವಾಚ್ ಒತ್ತಾಕ 0.2 ಸೆಕೆಂಡ್ ತಡ ಆಗ್ತದ. ಆ ಹೊತ್ತಿಗೆ ಕಲ್ಲಿನ ವೇಗ 64. 64 ಗುಣಿಸು 0.2, ಹತ್ತತ್ರ 13 ಅಡಿ ತಪ್ಪು! ಸಪ್ಪಳದ ತಪ್ಪು ಬರೇ ಮೂರೂವರಿ ಅಡಿ. ಅದಕ್ಕ ತಂಗಿ ಬಟ್ಟು ಬಿಟ್ಟು ಫ್ರೇಮ್ ಎಣಿಸಿದ್ದು ಭಾಳ ಶಾಣ್ಯಾತನ.

ಪೀಣ್ಯದ ಫ್ಯಾಬ್ರಿಕೇಷನ್

ಕೊಟ್ಟಿಗೆಯ ಮಾತಿಗೆ ಬರೋಣ ಅಕ್ಕ. ಶೀಟು ನೆಲದಿಂದ 10 ಅಡಿ ಮೇಲಿದೆ ಅಂತಿಟ್ಟುಕೊಳ್ಳಿ. ಆಗ ಕಾಯಿ ಬೀಳುವುದು 54 ಅಡಿ, ವೇಗ ಸುಮಾರು 59. ಹತ್ತಡಿ ಉಳಿದರೂ ವೇಗ ಕಡಿಮೆಯಾದದ್ದು ಬರೀ 5, ವರ್ಗಮೂಲದ ಗುಣ ಅದು. ಗಾಳಿ ತಡೆ ಕಳೆದು ಸೆಕೆಂಡಿಗೆ 17 ಮೀಟರ್ ಅನ್ನಿ. ಒಂದೂವರೆ ಕೆಜಿಗೆ ಸುಮಾರು 217 ಜೌಲ್ ಶಕ್ತಿ.

ವೇಗದಷ್ಟೇ ಮುಖ್ಯ, ಆ ಕಾಯಿ ಎಷ್ಟು ದೂರದೊಳಗೆ ನಿಲ್ಲುತ್ತೆ ಅನ್ನೋದು. 5 ಸೆಂಟಿಮೀಟರಿನಲ್ಲಿ ನಿಲ್ಲಿಸಬೇಕೆಂದರೆ ಶೀಟು ತಾಳಬೇಕಾದದ್ದು ಸರಾಸರಿ 440 ಕೆಜಿ ತೂಕದಷ್ಟು ಬಲ. ಸಿಮೆಂಟ್ ಶೀಟು ಅಷ್ಟು ಬಗ್ಗುವ ವಸ್ತುವೇ ಅಲ್ಲ, ಒಡೆಯುತ್ತೆ. ಅದೇ ಅರ್ಧ ಮೀಟರ್ ಜೋಲುವ ಬಲೆಯಲ್ಲಿ ನಿಂತರೆ ಬಲ ಹತ್ತನೇ ಒಂದು ಭಾಗ, 44 ಕೆಜಿ. ಹಾಗಾಗಿ ನೈಲಾನ್ ಬಲೆ ಹಾಕಿಸಿದರೆ ಬಿಗಿಯಾಗಿ ಎಳೆದು ಕಟ್ಟಿಸಬೇಡಿ, ಜೋಲು ಬಿಡಿ, ಮತ್ತು ಜೋತಾಗ ಶೀಟಿಗೆ ತಾಗದ ಹಾಗೆ ಎತ್ತರದಲ್ಲಿ ಕಟ್ಟಿಸಿ. ಕೊಟ್ಟಿಗೆ ಮೇಲೆ ಬಾಗಿರೋ ಮರ ಒಂದೇ ಇದ್ದರೆ ಆ ಮರದ ಕಾಯಿ ಬಲಿಯುವ ಮುಂಚೆ ಎಳನೀರಿಗೇ ಇಳಿಸೋದು ಇನ್ನೂ ಸುಲಭ. 2010ರಲ್ಲಿ ಒಬಾಮಾ ಮುಂಬಯಿಯ ಮಣಿ ಭವನಕ್ಕೆ ಬರುವ ಮೊದಲು ಅಲ್ಲಿನ ಮರಗಳ ಕಾಯಿ ಇಳಿಸಿದ್ದರು. ನಿಮ್ಮ ಹಸುವಿಗೂ ಅಷ್ಟು ಕಾಳಜಿ ಸಲ್ಲಬೇಕು.

ತೋಟದಮನೆ (ತಿಪಟೂರು)

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ತಿಳೀತಿಲ್ಲ. ಆ ಮರದ ಗೊನೆ ಎಳನೀರಿಗೆ ಇಳಿಸಿದ್ವಿ, ಕೊಬ್ಬರಿಗೆ ಅಂತ ಇನ್ನು ಅದರಲ್ಲಿ ಬಿಡಲ್ಲ. ಬಲೆಗೂ ಹೇಳಿದೀವಿ.

ಮಗಳು ಮತ್ತೊಂದು ಕೆಲಸ ಮಾಡಿದಾಳೆ. ಮೊದಲಿನ 64 ಅಡಿ ಮರದ ಬುಡದಲ್ಲಿ ನೆಲದಿಂದ 4 ಅಡಿಗೆ ಸುಣ್ಣದ ಗುರುತು ಹಾಕಿ, ಪಕ್ಕದ ಮನೆ ಹುಡುಗನ ಫೋನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇಟ್ಟು, ದೂರದಿಂದ ಹಿಡಿದಳು. ಕೊನೆಯ 4 ಅಡಿ ದಾಟೋಕೆ 16 ಫ್ರೇಮ್. ಲೆಕ್ಕ ಮಾಡಿದರೆ ಸೆಕೆಂಡಿಗೆ 60 ಅಡಿ. ಮಾವ ಹೇಳಿದ 64ಕ್ಕಿಂತ ಕಡಿಮೆ. ಆ 4 ಗಾಳಿ ತಡೆದದ್ದೇ ಅಂತ ಅವಳ ವಾದ. ಸರಿನಾ?

ಹಾಸನದ ಗಣಿತ ಮೇಷ್ಟ್ರು

ಓದಿ ಎದ್ದು ನಿಂತೆ. ಈ ವಯಸ್ಸಿಗೆ ಇದು ದೊಡ್ಡ ಕೆಲಸ.

ಅವಳ ಊಹೆ ಸರಿಯಾದ ದಿಕ್ಕಿನಲ್ಲಿದೆ. ಗಾಳಿ ಸೇರಿಸಿ ನಾನು ಲೆಕ್ಕ ಹಾಕಿದರೂ ಆ ಜಾಗದಲ್ಲಿ 60ರ ಹತ್ತಿರವೇ ಬರುತ್ತದೆ. ಒಂದು ತಿದ್ದುಪಡಿ: ಅವಳು ಅಳೆದದ್ದು ಕೊನೆಯ 4 ಅಡಿಯ ಸರಾಸರಿ, ಅಂದರೆ ಸುಮಾರು 62 ಅಡಿ ಬಿದ್ದಾಗಿನ ವೇಗ. ಗಾಳಿ ಇಲ್ಲದಿದ್ದರೆ ಅಲ್ಲಿ 63 ಇರಬೇಕಿತ್ತು. ಹಾಗಾಗಿ ಗಾಳಿಯ ಪಾಲು 4 ಅಲ್ಲ, 3.

ಇನ್ನೊಂದು ಮಾತು ಪ್ರೀತಿಯಿಂದ ಹೇಳಬೇಕು. 16ರ ಬದಲು 15 ಫ್ರೇಮ್ ಎಣಿಸಿದ್ದರೆ 64 ಬರುತ್ತಿತ್ತು, 17 ಎಣಿಸಿದ್ದರೆ 56. ಒಂದೇ ಫ್ರೇಮಿನ ತಪ್ಪು 4 ಅಡಿಯಷ್ಟು ಆಚೀಚೆ ತಳ್ಳುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ 3. ಒಂದು ಕಾಯಿಂದ ಗಾಳಿಯನ್ನು ಹಿಡಿದೆವು ಎನ್ನಲಾಗದು. ಗುರುತನ್ನು 8 ಅಡಿಗೆ ಏರಿಸಲಿ, ಒಂದು ಫ್ರೇಮಿನ ತಪ್ಪು 2 ಅಡಿಗೆ ಇಳಿಯುತ್ತದೆ. ಹತ್ತು ಹನ್ನೆರಡು ಕಾಯಿ ಅಳೆಯಲಿ, ಎಲ್ಲವನ್ನೂ ಬರೆದಿಡಲಿ, ಬೇಡದ್ದು ಬಂತೆಂದು ಯಾವುದನ್ನೂ ಬಿಡಬಾರದು.

ಬಾವಿಕಟ್ಟಿ (ಧಾರವಾಡ)

ಒದ್ದ ಕಾಯಿ, ಬಿಟ್ಟ ಕಾಯಿ ಬ್ಯಾರೆ ಬ್ಯಾರೆ ಬರಕೊಳ್ಳಾಕ ಹೇಳ್ರಿ ಅಕ್ಕಾರ. ಕೊನಿ ವೇಗ ಎರಡಕ್ಕೂ ಒಂದ ಬರ್ತದೋ ಇಲ್ಲೋ, ನನಗೂ ನೋಡೋ ಆಸೆ ಐತಿ.

ತೋಟದಮನೆ (ತಿಪಟೂರು)

ಹೇಳಿದೆ. ಇನ್ನು 45 ದಿನಕ್ಕೆ ಕಾಯಿ ಕೀಳಿಸೋದು. ತಾತ ಮೊಮ್ಮಗಳು ಇಬ್ಬರೂ ಸೇರಿ ಈಗಲೇ 8 ಅಡಿಗೆ ಸುಣ್ಣ ಬಳಿದಿದಾರೆ, ನೋಟ್‌ಬುಕ್ಕಲ್ಲಿ ಹನ್ನೆರಡು ಸಾಲಿನ ಮನೆ ಗೆರೆ ಹಾಕಿ ಇಟ್ಟಿದಾರೆ. ತುಂಬಿದ ಮೇಲೆ ಇಲ್ಲೇ ಬರೀತೀನಿ.